ಲ್ಯಾಪ್ ಟೈಮೂ ನನ್ನ ಮಂಡಿಯೂ

ನಮ್ಮ ಯಜಮಾನರು ನಿವೃತ್ತರಾದ ಮೇಲೆ ಕೊಂಡ ಕಾರು ನೆಲಕ್ಕೆ ಅಂಟಿಕೊಂಡ ಹಾಗಿದೆ. ಎರಡೇ ಬಾಗಿಲು, ಕೆಂಪು ಬಣ್ಣ, ಯಾರೋ ಓಡಿಸಿ ಬಿಟ್ಟದ್ದು. ಇದೇ ಕಾರು ಯಾಕೆ ಎಂದು ಕೇಳಿದವರಿಗೆಲ್ಲ ಇವರದ್ದು ಒಂದೇ ಉತ್ತರ, ಲ್ಯಾಪ್ ಟೈಮು. ಯಾವುದೋ ದೇಶದ ರೇಸ್ ಟ್ರ್ಯಾಕಿನಲ್ಲಿ ಒಂದು ಸುತ್ತು ಮುಗಿಸಲು ಇದಕ್ಕೆ ಹಿಡಿಯುವ ಹೊತ್ತು, ಇದಕ್ಕಿಂತ ಎಷ್ಟೋ ದುಬಾರಿ ಕಾರುಗಳಿಗಿಂತ ಕಡಿಮೆಯಂತೆ. ಹಾಲಿನವನನ್ನೂ ನಿಲ್ಲಿಸಿಕೊಂಡು ಹೇಳಿದ್ದಾರೆ. ಅವನು ಪಾಪ, ತಲೆಯಾಡಿಸಿ ಹೋದ. ಹನುಮಂತನಗರದ ನಮ್ಮ ಬೀದಿಯಲ್ಲಿ ಎರಡನೇ ಗೇರಿಗೆ ಬರಬೇಕಾದರೇ ಪುಣ್ಯ ಮಾಡಿರಬೇಕು.

ಕೇಳಿ ಕೇಳಿ ಸಾಕಾಗಿ ಒಂದು ದಿನ ರೇಗಿಯೇಬಿಟ್ಟೆ. ಆ ಸುತ್ತು ಹೊಡೆದವನು ಯಾರು? ಅದೇ ಕಸುಬಿನವನು. ಟೈರು ಹೊಸದು, ರಸ್ತೆ ಖಾಲಿ, ಹಂಪ್ ಇಲ್ಲ, ಹಸುವಿಲ್ಲ, ರಾಂಗ್ ಸೈಡಿನಲ್ಲಿ ನುಗ್ಗುವ ಸ್ಕೂಟರಿಲ್ಲ. ಅವನ ಟೈಮು ಕಟ್ಟಿಕೊಂಡು ನಮಗೇನಾಗಬೇಕು? ಇವರು ಪಾಠ ಹೇಳುವವರ ಹಾಗೆ ವಿವರಿಸಿದರು. ಎಲ್ಲ ಕಾರಿಗೂ ಅದೇ ಟ್ರ್ಯಾಕು, ಆದ್ದರಿಂದ ಅದು ನ್ಯಾಯವಾದ ಅಳತೆ. ಬಾಯಿಗೆ ಬಂದದ್ದನ್ನು ಹೇಳುವ ಜಾಹೀರಾತಿಗಿಂತ ಗಡಿಯಾರ ವಾಸಿ. ಅಷ್ಟು ವೇಗದಲ್ಲಿ ಬ್ರೇಕು ಹಿಡಿದು ತಿರುವು ದಾಟುವ ಗಾಡಿ ನಮ್ಮ ರಸ್ತೆಯಲ್ಲೂ ಕೈಬಿಡುವುದಿಲ್ಲ. ಸುಳ್ಳು ಯಾಕೆ ಹೇಳಲಿ, ಬನ್ನೇರುಘಟ್ಟ ರಸ್ತೆಯಲ್ಲಿ ಒಮ್ಮೆ ಯಾರೋ ಅಡ್ಡ ಬಂದಾಗ ಗಾಡಿ ಗಕ್ಕನೆ ನಿಂತಿತ್ತು. ಅದನ್ನು ನೆನೆದು, ಇರಲಿ ಎಂದುಕೊಂಡೆ.

ಆಮೇಲೆ ನನ್ನ ಬಲ ಮಂಡಿಗೆ ಆಪರೇಷನ್ ಆಯಿತು. ಸವೆದ ಕೀಲು ತೆಗೆದು ಹೊಸದು ಕೂರಿಸಿದರು. ನನಗೆ ಬೇಕಾಗಿದ್ದದ್ದು ಇಷ್ಟೇ: ಯಾರ ಕೈಯನ್ನೂ ಹಿಡಿಯದೆ ಜಯನಗರದ ಫೋರ್ತ್ ಬ್ಲಾಕಿನ ಮಾರ್ಕೆಟ್ಟಿನಲ್ಲಿ ಓಡಾಡಿ, ನನಗೆ ಬೇಕಾದ ಸೊಪ್ಪನ್ನು ನಾನೇ ಆರಿಸಿಕೊಂಡು ಬರುವುದು. ಇವರು ತರುತ್ತಿದ್ದ ಬಾಡಿದ ದಂಟಿನ ಸೊಪ್ಪು ನೋಡಿದರೆ ಅಳು ಬರುತ್ತಿತ್ತು. ಸೊಪ್ಪಿಗಲ್ಲ ಬಿಡಿ, ಬಾತ್‌ರೂಮಿಗೆ ಹೋಗಬೇಕಾದರೂ ಇನ್ನೊಬ್ಬರನ್ನು ಕೂಗಬೇಕಲ್ಲ ಎಂಬ ಸಂಕಟಕ್ಕೆ.

ತಗ್ಗಿನ ಸೀಟು ಸದ್ಯಕ್ಕೆ ಬೇಡ ಎಂದಿದ್ದರು ಡಾಕ್ಟರು. ಹಾಗಾಗಿ ಕಾರು ಗೇಟಿನೊಳಗೇ ನಿಂತಿತು, ಜೆ.ಪಿ. ನಗರದ ಫಿಸಿಯೋಥೆರಪಿಗೆ ಆಟೋದಲ್ಲಿ ಓಡಾಡಿದೆವು. ಅಲ್ಲಿದ್ದ ಹುಡುಗಿ ಆಗಾಗ ಒಂದು ಪರೀಕ್ಷೆ ಮಾಡುತ್ತಿದ್ದಳು. ಕುರ್ಚಿಯಿಂದೆದ್ದು, ನೆಲಕ್ಕೆ ಅಂಟಿಸಿದ ಪಟ್ಟಿಯವರೆಗೆ ನಡೆದು, ತಿರುಗಿ ಬಂದು ಕೂರಬೇಕು. ಅವಳು ಮೊಬೈಲಿನಲ್ಲಿ ಟೈಮು ನೋಡುತ್ತಾಳೆ. ಇವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಪ್ರತಿ ಸಲವೂ ಅವಳ ಭುಜದ ಮೇಲಿಂದ ಇಣುಕಿ ನೋಡುವುದು, ಹೋದ ಸಲಕ್ಕಿಂತ ಎಷ್ಟು ಕಡಿಮೆಯಾಯಿತು ಎಂದು ಕೇಳುವುದು. ಕೊನೆಗೊಂದು ದಿನ ಆ ಹುಡುಗಿ, ಆಂಟಿ, ನಿಮ್ಮ ವಯಸ್ಸಿಗೆ ಇದು ತುಂಬಾ ಒಳ್ಳೆಯ ಟೈಮು ಎಂದಳು. ಆ ಸುದ್ದಿಯೂ ಹಾಲಿನವನಿಗೆ ಮುಟ್ಟಿತು. ನನಗೂ ಹಿಗ್ಗಾಯಿತು. ಇವರಷ್ಟೇ ನಾನೂ ಅದನ್ನು ನಂಬಿದೆ.

ಮಾರನೆಯ ದಿನ ಇವರು ಕಾರು ತೆಗೆದರು. ಅಂಥ ಟೈಮು ಬಂದ ಮೇಲೆ ಇನ್ನೇನು ಭಯ ಎಂದರು. ಕೂರುವುದು ಕಷ್ಟವಾಗಲಿಲ್ಲ, ಬಿದ್ದ ಹಾಗೆ ಕೂತೆ. ಫೋರ್ತ್ ಬ್ಲಾಕಿನಲ್ಲಿ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ನೀನು ಇಳಿದು ಸೊಪ್ಪು ನೋಡುತ್ತಿರು, ಪಾರ್ಕ್ ಮಾಡಿ ಬರುತ್ತೇನೆ ಎಂದು ನಡುರಸ್ತೆಯಲ್ಲೇ ನಿಲ್ಲಿಸಿದರು. ನಾನು ಬಾಗಿಲು ತೆರೆದು ಕಾಲು ಹೊರಗಿಟ್ಟೆ. ಮೇಲೇಳಲು ನೋಡಿದೆ. ಸೊಂಟ ಏಳಲಿಲ್ಲ. ಬಾಗಿಲನ್ನು ಹಿಡಿದು ಮತ್ತೆ ಎಳೆದುಕೊಂಡೆ, ಬಾಗಿಲೇ ನನ್ನ ಕಡೆ ಬಂತು. ಹಿಂದೆ ಆಟೋಗಳು, ಒಂದು ಬಸ್ಸು, ಒಂದೇ ಸಮನೆ ಹಾರ್ನು. ನನಗೆ ನಾಚಿಕೆ, ಸಿಟ್ಟು, ಎಲ್ಲಾ ಒಟ್ಟಿಗೇ ಬಂತು.

"ಏಳೇ, ನಿನ್ನೆ ಅಷ್ಟು ಚೆನ್ನಾಗಿ ಮಾಡಿದ್ಯಲ್ಲ" ಅಂದರು.

"ಅಲ್ಲಿ ಕುರ್ಚಿ ಎತ್ತರ ಇತ್ತು ರೀ. ಕೈ ಊರೋಕೆ ಹಿಡಿ ಇತ್ತು, ನೆಲ ನುಣ್ಣಗಿತ್ತು. ಇಲ್ಲೇನಿದೆ?"

ಇವರು ಇಳಿದು ಬಂದು ಎಬ್ಬಿಸುತ್ತಾರೆ ಎಂದು ಕಾದೆ. ತಮ್ಮ ಕಡೆಯ ಬಾಗಿಲು ತೆಗೆದು ಒಂದು ಕಾಲನ್ನೇನೋ ಹೊರಗಿಟ್ಟರು. ಚಾವಣಿಯ ಅಂಚು ಹಿಡಿದು ಮುಂದಕ್ಕೆ ಬಾಗಿದರು, ಮತ್ತೆ ಬಾಗಿದರು, ಏಳಲಿಲ್ಲ. ಆಮೇಲೆ ನನ್ನ ಕಡೆ ನೋಡದೆ ಹೇಳಿದರು.

"ನಂಗೂ ಆಗ್ತಿಲ್ಲ ಕಣೇ. ತುಂಬಾ ದಿನದಿಂದ ಹೀಗೇನೆ. ನೀನು ಒಳಗೆ ಹೋದ್ಮೇಲೆ ಗೇಟ್ ಹಿಡ್ಕೊಂಡು ಏಳ್ತಿದ್ದೆ."

ಅಷ್ಟು ಹೊತ್ತಿನ ನನ್ನ ಸಿಟ್ಟು ಎಲ್ಲಿ ಹೋಯಿತೋ. ಆ ಕಡೆ ಅವರದೊಂದು ಕಾಲು, ಈ ಕಡೆ ನನ್ನದೊಂದು ಕಾಲು ರಸ್ತೆಯ ಮೇಲಿದ್ದವು. ನಾನೇ ಮೊದಲು ಒಳಗೆಳೆದುಕೊಂಡೆ. ಮನೆಗೆ ಹೋಗೋಣ ನಡೀರಿ ಎಂದೆ. ಮನೆಯ ಮುಂದೆ, ಗೇಟು ಕೈಗೆಟುಕದ ಹಾಗೆ ರಸ್ತೆಯಲ್ಲೇ, ಎಂಜಿನ್ ಆರಿಸಿದ ಮೇಲೂ ಹಾಗೆಯೇ ಕೂತಿದ್ದೆವು. ಯಾರು ಯಾರನ್ನು ಎಬ್ಬಿಸಬೇಕು ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.