ಮಧ್ಯಾಹ್ನದಿಂದ ನಾನು ಸತ್ತಿದ್ದೇನೆ

ಗೆಳೆಯರೇ, ಇವತ್ತು ಊಟದ ಹೊತ್ತಿಗೆ ಬೆಸೆಂಟ್ ನಗರದ ಮನೆಯಿಂದ ಹೆಂಡತಿಯ ಫೋನು. "ರೀ, ಎಲ್ಲಿದ್ದೀರಾ? ನಿಮ್ಮ ಪತಿಯ ನಿಧನಕ್ಕೆ ಸಂತಾಪ ಅಂತ ನನ್ನ ಮೊಬೈಲಿಗೆ ಮೆಸೇಜ್ ಬಂದಿದೆ!"

ನಮ್ಮ ಆಫೀಸಿನಲ್ಲಿ ವಿಮೆ, ಸಾಲ, ಠೇವಣಿ ಮೂರಕ್ಕೂ ಸಾಫ್ಟ್‌ವೇರ್ ಬರೆಯುತ್ತೇವೆ. ಮೂರಕ್ಕೂ 'ಗ್ರಾಹಕ' ಎಂಬ ಒಂದೇ ಆಬ್ಜೆಕ್ಟ್, ಅಂದರೆ ಒಬ್ಬನಿಗೆ ಒಂದೇ ದಾಖಲೆ ಇರಬೇಕು, ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ಬದಲಾಗಬೇಕು ಎಂದು ಹಠ ಹಿಡಿದವನು ನಾನೇ. ಪರೀಕ್ಷೆಗೆಂದು ನನ್ನ ಹೆಸರು, ಹೆಂಡತಿಯ ನಂಬರನ್ನೇ ತುಂಬಿದ್ದೆ. ಇವತ್ತು ವಿಮೆ ತಂಡದ ಸೆಲ್ವಿ ಡೆತ್ ಕ್ಲೇಮ್ ಪರೀಕ್ಷಿಸಲು ನನ್ನನ್ನು ಸಾಯಿಸಿದಳು. ಠೇವಣಿಯವರ ಪ್ರೋಗ್ರಾಂ ತಕ್ಷಣ ನನ್ನ ಖಾತೆ ಮುಚ್ಚಿತು. ಸಾಲದವರದು ಮನೆಗೆ ಸಂತಾಪ ಕಳಿಸಿತು.

"ಪರವಾಯಿಲ್ಲೆ ಸಾರ್, ಟೆಸ್ಟ್ ದಾನೆ", ಬರೀ ಟೆಸ್ಟ್ ತಾನೇ ಎಂದು ಸೆಲ್ವಿ ತಮಿಳಿನಲ್ಲೇ ಸಮಾಧಾನ ಹೇಳಿದಳು. ಮೊದಲು ನನ್ನನ್ನು ಬದುಕಿಸು ಎಂದು ಕೂಗಾಡಿದೆ. ಹಾಗೆಲ್ಲ ಆಗುವುದಿಲ್ಲವಂತೆ. ಸತ್ತ ಗ್ರಾಹಕನನ್ನು ಬದುಕಿಸುವ ದಾರಿಯನ್ನೇ ಯಾರೂ ಬರೆದಿಲ್ಲ. ಈಗ ಬರೆಯಬೇಕೆಂದರೆ ಮೂರೂ ತಂಡದವರು ಕೂತು ಒಪ್ಪಬೇಕು. ಸಾಲದ ತಂಡದ ಮುರಳಿ ನಮ್ಮ ಮೈಸೂರಿನವನೇ. "ಎದ್ದು ಬಂದ್ರೆ ಮತ್ತೆ ಕಂತು ಶುರುವಾಗತ್ತೆ, ಯೋಚ್ನೆ ಮಾಡಿ ಸಾರ್" ಎಂದ.

ಕೂತಲ್ಲಿ ಕೂರಲಾಗುತ್ತಿಲ್ಲ. ಕಾರಿಡಾರಿನಲ್ಲಿ ಶತಪಥ ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ. ಹೆಂಡತಿ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದಾಳೆ. "ಮಾತು ಬೇಡ, ಮನೆಗೆ ಬನ್ನಿ, ಕಣ್ಣಾರೆ ನೋಡ್ಬೇಕು" ಅನ್ನುತ್ತಾಳೆ.

ನನ್ನನ್ನು ಬದುಕಿಸುವ ಮೀಟಿಂಗ್ ಸೋಮವಾರವಂತೆ. ಸಾಯಿಸುವಾಗ ಮಾತ್ರ ಯಾರೂ ಮೀಟಿಂಗ್ ಕರೆದಿರಲಿಲ್ಲ.