ಬಳೆಗೆ ಕರವಸ್ತ್ರ ಕಟ್ಟುತ್ತಿದ್ದ ಅಕ್ಕೋರು

ಅವರ ಹೆಬ್ಬೆರಳು ಯಾವಾಗಲೂ ತಣ್ಣಗಿರುತ್ತಿತ್ತು. ಉಗುರನ್ನು ಮಾಂಸಕ್ಕೆ ಹತ್ತುವಷ್ಟು ಕತ್ತರಿಸಿಕೊಂಡ ಆ ಬೆರಳು ನನ್ನ ರೆಪ್ಪೆಯನ್ನು ಮೇಲೆತ್ತಿ ಹಿಡಿದರೆ, ಬೆಳಗಿನ ಜಾವದ ತುಂಬಿದ ಕೊಡ ಮುಟ್ಟಿದಂತಾಗುತ್ತಿತ್ತು. ಕೈಯಲ್ಲಿ ಹಸಿರು ಬಳೆಗಳಿದ್ದವು. ಅವುಗಳ ಸುತ್ತ ಒಂದು ಬಿಳಿ ಕರವಸ್ತ್ರವನ್ನು ಬಿಗಿಯಾಗಿ ಕಟ್ಟಿಕೊಂಡಿರುತ್ತಿದ್ದರು. ಮೊದಲ ಸಲ ನೋಡಿದಾಗ ಕೈಗೆ ಗಾಯವಾಗಿದೆ ಎಂದುಕೊಂಡು, ಗಂಡ ಹೊಡೆದನೇನು ಎಂದು ಕೇಳಿಯೇಬಿಟ್ಟೆ. ಅವರು ನಕ್ಕರು.

"ಬಳಿ ಸಪ್ಪಳಾದ್ರ ನಿಮ್ಮ ಕಣ್ಣು ಅತ್ಲಾಗ ಓಡತೈತಿ, ಆಯಿ. ನನಗ ಅದು ಇಲ್ಲೇ ನಿಲ್ಲಬೇಕು."

ಸಿಂದಗಿಯ ಕಣ್ಣಿನ ದವಾಖಾನೆಯಲ್ಲಿ, ಕಿಟಕಿಗೆ ಕರಿ ಪರದೆ ಬಿಟ್ಟ ಕೋಣೆಯಲ್ಲಿ ಅವರ ಕೆಲಸ. ಪೊರೆ ತೆಗೆಯುವ ಮೊದಲು ಕಣ್ಣಿನ ಅಳತೆ ಹಿಡಿಯುವವರು. ವಯಸ್ಸಿನಲ್ಲಿ ನನ್ನ ಮಗಳಷ್ಟಿದ್ದರೂ ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ನಾನೂ ಹಾಗೇ ಅಂದೆ.

ಅಳತೆ ಅಂದರೆ ನಮ್ಮ ದರ್ಜಿಯ ಟೇಪಿನ ಹಾಗಲ್ಲ. ಎಲ್ಲವೂ ಬೆಳಕಿನದೇ. ಗದ್ದವನ್ನು ಮಷೀನಿನ ಮೇಲಿಟ್ಟು ಒಳಗಿನ ಕೆಂಪು ಚುಕ್ಕೆ ನೋಡಬೇಕು. ಕರಿಗುಡ್ಡೆಯ ಮೇಲೆ ಬೆಳಕಿನ ಉಂಗುರಗಳು ಬೀಳುತ್ತವೆ. ಅವು ಎಷ್ಟು ದೊಡ್ಡವು, ಎಷ್ಟು ದುಂಡಗೆ ಕಾಣುತ್ತವೆ ಎನ್ನುವುದರ ಮೇಲೆ ಗುಡ್ಡೆಯ ಉಬ್ಬು ಗೊತ್ತಾಗುತ್ತದೆ. ಆಮೇಲೆ ಇನ್ನೊಂದು ಬೆಳಕು ಕಣ್ಣಿನೊಳಗೆ ಹೋಗಿ, ಹಿಂದಿನ ಗೋಡೆ ಮುಟ್ಟಿ ಮರಳಿ ಬರುತ್ತದೆ. ಅದರಿಂದ ಕಣ್ಣಿನ ಉದ್ದ. ಬಾವಿಗೆ ಕೊಡ ಬಿದ್ದಾಗ ದಂಡೆಯ ಮೇಲೆ ನಿಂತು, ಕನ್ನಡಿ ತಿರುವಿ ಬಿಸಿಲನ್ನು ತಳಕ್ಕೆ ಬಿಡುತ್ತಿರಲಿಲ್ಲವೇ, ಹಾಗೇ ಎಂದು ಅವರೇ ತಿಳಿಸಿ ಹೇಳಿದ್ದರು.

ನನಗೆ ತಿಳಿಯಿತು. ಅಂಜಿಕೆ ಮಾತ್ರ ಹೋಗಲಿಲ್ಲ. ನನ್ನ ಎಡಗಣ್ಣು ನಾನು ಹೊಸ ಸೊಸೆಯಾಗಿದ್ದಾಗಲೇ ಹೋಗಿತ್ತು. ಕನ್ನೊಳ್ಳಿಯ ಹೊಲದಲ್ಲಿ ಜೋಳದ ಕಣಿಕೆ ಹೊರುವಾಗ ದಂಟಿನ ಮೊನೆ ಚುಚ್ಚಿತು, ಅಷ್ಟೇ. ಉಳಿದದ್ದು ಬಲಗಣ್ಣು. ಈಗ ಅದಕ್ಕೇ ಪೊರೆ. ಪೊರೆ ತೆಗೆದು ಒಳಗೆ ಹೊಸ ಮಸೂರ ಕೂಡಿಸುತ್ತಾರಂತೆ; ಅಳತೆ ತಪ್ಪಿದರೆ ಮಸೂರವೂ ತಪ್ಪುತ್ತದೆ. ಇನ್ನೊಂದು ಕಣ್ಣಿದ್ದವರು ಹೇಗೋ ದಾರಿ ನೋಡಿಕೊಂಡಾರು. ನನ್ನ ಹತ್ತಿರ ಇದ್ದುದೇ ಒಂದು. ಸೊಸೆ ಚಹಾ ಕೊಟ್ಟರೆ ಲೋಟ ಎಲ್ಲಿದೆ ಎಂದು ಗಾಳಿಯಲ್ಲಿ ಕೈಯಾಡಿಸುತ್ತಿದ್ದೆ. ಮುಂದೆ ಅದೇ ನನ್ನ ಬಾಳಾದರೆ ಎಂಬ ಅಂಜಿಕೆ.

ಅಂಜಿದಾಗ ನನಗೆ ಬಾಯಿ ಜಾಸ್ತಿ. ಅವರು ಮಷೀನಿನಲ್ಲಿ ಬಗ್ಗಿ ನೋಡುವಾಗ, ಒಳಗೆ ನನ್ನ ಗಂಡ ಕಾಣಿಸುತ್ತಾನೇನು ನೋಡಿರಿ, ಸತ್ತಾಗಿನಿಂದ ಪತ್ತೆಯಿಲ್ಲ ಎಂದೆ.

"ಅವರನ್ನ ಆಮ್ಯಾಲ ಹುಡುಕೂಣು. ಮೊದಲ ಅಳ್ಳಾಡದಂಗ ಕುಂಡ್ರಿ."

ನಾನು ಕಲ್ಲಿನಂತೆ ಕುಳಿತೆ. ಆದರೂ ಅವರು ಮತ್ತೆ ಮತ್ತೆ ನೋಡಿದರು. ಉಸಿರು ಬಿಟ್ಟರು. ಮಷೀನಿನ ಗಾಜು ಒರೆಸಿ ಮತ್ತೆ ನೋಡಿದರು. ಜೊತೆಗೆ ಬಂದಿದ್ದ ಸೊಸೆ ಏನಾಯಿತೆಂದು ಕೇಳಿದಳು. ಒಂದು ಸಲ ಬಂದ ಅಳತೆ ಮತ್ತೊಂದು ಸಲ ಬರುತ್ತಿಲ್ಲ, ಉಂಗುರಗಳು ದುಂಡಗಿಲ್ಲ, ನೀರಿನಲ್ಲಿ ಕಲ್ಲು ಬಿದ್ದಂತೆ ಅಲುಗುತ್ತಿವೆ ಎಂದರು. ಉಳಿದ ಕಣ್ಣೂ ಒಳಗೊಳಗೇ ಒಡೆದಿದೆ, ಇವರು ಹೇಳುತ್ತಿಲ್ಲ ಎಂದುಕೊಂಡೆ. ಕಣ್ಣಿಗೆ ಔಷಧವೇನಾದರೂ ಹಾಕಿದ್ದೀರಾ ಎಂದು ಬಂದ ಕೂಡಲೇ ಕೇಳಿದ್ದರು. ಮತ್ತೆ ಕೇಳಿದರು. ಇಲ್ಲ ಎಂದೆ.

ಅವರು ರೆಪ್ಪೆ ಎತ್ತಲು ಹೋದರು. ಹೆಬ್ಬೆರಳು ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಬೆರಳನ್ನು ಮೂಗಿನ ಹತ್ತಿರ ಹಿಡಿದರು.

"ಆಯಿ, ಔಡಲೆಣ್ಣಿ ಬಿಟ್ಕೊಂಡೀರಿ?"

"ಬಿಟ್ಕೊಂಡೇನಿ. ಅದೇನು ಔಷಧ ಏನ್ರಿ? ಎಣ್ಣಿ ಅದು."

ಮಷೀನಿನ ಬೆಳಕು ಕಣ್ಣು ಸುಡುತ್ತದೆ ಎಂದು ಓಣಿಯಲ್ಲಿ ಯಾರೋ ಅಂದಿದ್ದರು. ಬಸ್ಸಿಗೆ ನಿಂತಾಗ ಸೊಸೆ ಟಿಕೆಟ್ಟಿನ ಚಿಲ್ಲರೆ ಹುಡುಕುತ್ತಿದ್ದಳು. ನಾನು ಸೆರಗಿನ ಮರೆಯಲ್ಲಿ ಹರಳೆಣ್ಣೆಯ ಸೀಸೆ ತೆಗೆದು, ತಂಪಿಗಿರಲಿ ಎಂದು ಧಾರಾಳವಾಗಿ ಬಿಟ್ಟುಕೊಂಡಿದ್ದೆ. ನಮ್ಮವ್ವ ನನಗೆ ಬಿಟ್ಟಳು, ನಾನು ನನ್ನ ಮಕ್ಕಳಿಗೆ ಬಿಟ್ಟೆ. ಕಣ್ಣಿಗೆ ಎಣ್ಣೆ ಬಿಡುವುದನ್ನು ನಮ್ಮಲ್ಲಿ ಯಾರು ಹೇಳುತ್ತಾ ಕೂಡುತ್ತಾರೆ?

ಸೊಸೆ ಹಣೆ ಚಚ್ಚಿಕೊಂಡಳು. ರಜೆ ಹಾಕಿ ಬಂದಿದ್ದೇನೆ, ಒರೆಸಿ ಅಳೆದುಬಿಡಿರಿ ಎಂದು ಬೇಡಿಕೊಂಡಳು. ಅಕ್ಕೋರು ಒಪ್ಪಲಿಲ್ಲ. ಬಾವಿ ನೀರಿನ ಮೇಲೆ ಎಣ್ಣೆ ಇದ್ದರೆ ತಳ ಕಂಡಂತೆ ಅನಿಸುತ್ತದೆ, ಕಂಡಿರುವುದಿಲ್ಲ ಎಂದರು. ಕಣ್ಣು ತಿಳಿಯಾದ ಮೇಲೆ ಬನ್ನಿರಿ ಎಂದರು. ನನ್ನ ಕೈ ಹಿಡಿದುಕೊಂಡರು. ಅವರ ಅಂಗೈ ಬೆವೆತಿತ್ತು.

"ನಿಮಗೂ ಅಂಜಿಕಿ ಬರ್ತತೇನವ್ವಾ?" ಎಂದೆ.

"ಬರ್ತತ್ರಿ. ಒಂದ ಕಣ್ಣಿನವರು ಬಂದ್ರ ಭಾಳ ಬರ್ತತಿ. ಅಂಜಿಕಿ ಬರ್ಲಿ ಆಯಿ, ಅಳ್ಳಾಡೂದು ಬ್ಯಾಡ."

ಮನೆಗೆ ಬಂದವಳೇ ಸೊಸೆ ಸೀಸೆಯನ್ನು ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ಮುಂದಿನ ವಾರ ಉಂಗುರಗಳು ದುಂಡಗೆ ನಿಂತವಂತೆ; ಅಳತೆಗೆ ಅಳತೆ ಹೊಂದಿತು. ಆಪರೇಶನ್ ಆಯಿತು. ಪಟ್ಟಿ ಬಿಚ್ಚುವ ದಿನ ನಾನು ಕಣ್ಣು ತೆರೆಯಲಿಲ್ಲ. ಡಾಕ್ಟರು ಹೇಳಿದರು, ಸೊಸೆ ಬೈದಳು, ತೆರೆಯಲಿಲ್ಲ. ಮುಚ್ಚಿದ್ದಷ್ಟು ಹೊತ್ತು ಕಾಣುತ್ತದೆಂಬ ಆಸೆಯಾದರೂ ಇರುತ್ತದಲ್ಲ. ಆಗ ತಣ್ಣನೆಯ ಹೆಬ್ಬೆರಳೊಂದು ಬಂದು ರೆಪ್ಪೆಯನ್ನು ಮೆಲ್ಲಗೆ ಎತ್ತಿತು. ಮೊದಲು ಕಂಡದ್ದು ಆ ಕರವಸ್ತ್ರ. ಅದರ ಮೂಲೆಯಲ್ಲಿ ನೀಲಿ ದಾರದಿಂದ ಹೆಣೆದ ಒಂದು ಹೂವಿತ್ತು, ಒಂದು ಎಸಳು ಬಿಚ್ಚಿಕೊಂಡಿತ್ತು. ಅಷ್ಟು ದಿನ ನನಗದು ಬರಿಯ ಬಿಳಿ ಅರಿವೆ.

ಹೋದ ವರ್ಷ ಅವರು ತೀರಿಕೊಂಡರು. ಬಸವನ ಬಾಗೇವಾಡಿ ಅವರ ತವರು. ಅಲ್ಲಿಗೆ ಹೋದಾಗ ಎದೆನೋವೆಂದರಂತೆ, ದವಾಖಾನೆ ಮುಟ್ಟಲಿಲ್ಲವಂತೆ. ಸುದ್ದಿ ಕೇಳಿ ನಾನು ಅತ್ತುಬಿಟ್ಟೆ. ಅಳುವಾಗಲೂ, ಇನ್ನು ನನ್ನ ಕಣ್ಣು ಯಾರು ನೋಡುತ್ತಾರೆ ಎನ್ನುವ ಅಂಜಿಕೆಯೇ ಮುಂದಿತ್ತು.

ಈಗ ಒಂದೇ ಬೆರಳಿನಿಂದ ಫೋನಿನಲ್ಲಿ ಇದನ್ನು ಒತ್ತುತ್ತಿದ್ದೇನೆ. ಒಂದೊಂದು ಅಕ್ಷರವೂ ಅವರು ಹಿಡಿದ ಅಳತೆಯಿಂದಲೇ ಕಾಣುತ್ತಿದೆ. ಆದರೆ ಮೊನ್ನೆ ಆ ಕಣ್ಣಿನಲ್ಲಿ ಮತ್ತೆ ಮಸುಕು ಕಂಡಿತು. ಸಿಂದಗಿಗೆ ಹೋದೆ. ಅದೇ ಕೋಣೆ, ಅದೇ ಕರಿ ಪರದೆ, ಹೊಸ ಹುಡುಗಿ. ಗದ್ದ ಇಟ್ಟೆ. ಕೆಂಪು ಚುಕ್ಕೆ ಬಂತು. ಅಷ್ಟರಲ್ಲಿ ಅವಳ ಬಳೆ ಝಲ್ಲೆಂದಿತು, ನನ್ನ ಕಣ್ಣು ಆ ಕಡೆ ಓಡಿತು.

"ಅಳ್ಳಾಡಬ್ಯಾಡ್ರಿ ಆಯಿ," ಎಂದಳು.

"ನಾ ಅಳ್ಳಾಡಂಗಿಲ್ಲ ತಂಗಿ. ನೀ ಬಳಿ ಕಟಗೋ."

ಅವಳಿಗೆ ಅರ್ಥವಾಗಲಿಲ್ಲ. ನನ್ನ ಸೊಂಟದಲ್ಲಿ ಸಿಕ್ಕಿಸಿದ್ದ ಕರವಸ್ತ್ರ ತೆಗೆದು ಅವಳ ಬಳೆಗಳ ಸುತ್ತ ಬಿಗಿದೆ. ಮತ್ತೆ ಗದ್ದ ಇಟ್ಟೆ. ಬಳೆ ಸಪ್ಪಳ ನಿಂತಿತು. ಅಂಜಿಕೆ ಇತ್ತು. ಚುಕ್ಕೆಯನ್ನು ನೋಡುತ್ತಾ ಕುಳಿತೆ.