ಎಮ್ಲಿನ್‌ನನ್ನು ಯಾರೂ ಮಾತನಾಡಿಸದ ಆಟ

ನನ್ನ ಗಂಡ ವೆಂಡೆಲ್ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಯಲ್ಲಿ ದುಡಿದು ನಿವೃತ್ತನಾದವನು. ಊರಿನ ಬೇಸ್‌ಬಾಲ್ ಕ್ಲಬ್ಬಿನ ಗೌರವದ ಗೋಡೆಗೆ ಹಳೆಯ ಆಟಗಾರರ ಹೆಸರು ಆರಿಸುವವರಲ್ಲಿ ಅವನೂ ಒಬ್ಬ. ಪ್ರಾಯದಲ್ಲಿ, ಕ್ಲಬ್ಬಿನ ತಂಡಕ್ಕೆ ಚೆಂಡು ಎಸೆಯುತ್ತಿದ್ದ ಗೆಳೆಯ ಎಮ್ಲಿನ್ ಎಸೆದ ಚೆಂಡನ್ನು ಹಿಡಿಯುತ್ತಿದ್ದವನು ಇವನೇ. ಎಮ್ಲಿನ್ ಆಡಿದ್ದು ಮೂರೇ ಬೇಸಿಗೆ. ಅವನು ತೀರಿಕೊಂಡು ವರ್ಷಗಳಾದರೂ, ಚೆಂಡು ಗ್ಲೌಸಿಗೆ ಬಡಿದ ಸದ್ದು ಕೇಳಿಸಿತೆಂದು ವೆಂಡೆಲ್ ಊಟದ ನಡುವೆ ಎಡಗೈ ಚಾಚುತ್ತಿದ್ದ. ಗೆಳೆಯನ ಹೆಸರು ಗೋಡೆಗೇರಬೇಕು, ಅದೊಂದೇ ಹಟ ಅವನಿಗೆ.

ಈ ವಸಂತದಲ್ಲಿ ಆಯ್ಕೆಯ ಸಭೆ ನಮ್ಮ ಮನೆಯಲ್ಲೇ ಸೇರಿತು. ನಾನು ಆಪಲ್ ಪೈ ಕೊಯ್ದು ಕೊಡುತ್ತ ಕೇಳುತ್ತಿದ್ದೆ.

“ಮೂರು ಬೇಸಿಗೆ ಏನ್ ಮಹಾ? ನಮ್ಮನೆ ಹುಂಜಾನೂ ಅದಕ್ಕಿಂತ ಜಾಸ್ತಿ ವರ್ಷ ಕೂಗಿದೆ,” ಎಂದ ಅಧ್ಯಕ್ಷ ಕ್ಲೀಟಸ್. ಅವನೂ ಅದೇ ತಂಡದಲ್ಲಿ ಆಡಿದವನು.

“ಅವನಂಗೆ ಎಸೆದೋನು ಇನ್ನೊಬ್ಬನ್ನ ತೋರ್ಸು ನೋಡೋಣ,” ಎಂದ ವೆಂಡೆಲ್.

“ಎಸೀತಿದ್ದ, ಇಲ್ಲ ಅಂದೋರ್ಯಾರು? ಆಡಿದ್ದನ್ನ ತೂಗಬೋದು ಕಣಯ್ಯ. ಆಡಬೋದಿತ್ತು ಅನ್ನೋದನ್ನ ಹೆಂಗೆ ತೂಗ್ತೀಯ?”

ವೆಂಡೆಲ್ ತಟ್ಟೆ ಸರಿಸಿದ. “ಅವನ ಕೊನೇ ಆಟ ನೆನಪಿದ್ಯಾ?”

ನೆನಪಿಲ್ಲದವರುಂಟೆ? ಅವತ್ತು ಎಮ್ಲಿನ್ ಎಸೆದ ಚೆಂಡಿಗೆ ಎದುರಾಳಿಗಳಿಂದ ಒಂದು ಹೊಡೆತವೂ ಬಿದ್ದಿರಲಿಲ್ಲ. ಹಾಗೆ ಎಸೆಯುತ್ತಿರುವವನನ್ನು ಆಟ ಮುಗಿಯುವ ತನಕ ಮಾತನಾಡಿಸಬಾರದು, ಮಾತನಾಡಿಸಿದರೆ ಅದೃಷ್ಟ ಕೆಡುತ್ತದೆ ಎಂಬುದು ಬೇಸ್‌ಬಾಲ್ ಆಡುವವರ ನಂಬಿಕೆ. ಎಲ್ಲರೂ ಅವನಿಂದ ದೂರ ಸರಿದು ಕೂತಿದ್ದರು. ಆಟ ಗೆದ್ದರು. ಎಮ್ಲಿನ್‌ನ ತೋಳು ಮತ್ತೆ ಮೇಲೇಳಲಿಲ್ಲ.

“ಬೆಂಚಿನ ತುದೀಲಿ ಮೊಣಕೈ ಹಿಡ್ಕೊಂಡು ಕೂತಿದ್ದ. ನಾನು ನೋಡ್ದೆ. ನೋಯ್ತಿದೆಯೇನೋ ಅಂತ ಒಂದ್ ಮಾತು ಕೇಳ್ಲಿಲ್ಲ,” ಎಂದ ವೆಂಡೆಲ್.

ಕ್ಲೀಟಸ್‌ನ ಚಮಚ ನಿಂತಿತು. “ನಾನೂ ನೋಡಿದ್ದೆ.”

“ನಾನೂವೆ,” ಎಂದ ಕಿಟಕಿಯ ಬಳಿ ಕೂತಿದ್ದ, ಅದೇ ತಂಡದ ಮುದುಕ ಹ್ಯೂ.

ನೋಡಿದವನು ತಾನೊಬ್ಬನೇ ಎಂದುಕೊಂಡು ಒಬ್ಬೊಬ್ಬನೂ ಇಷ್ಟು ಕಾಲ ಬಾಯಿ ಕಟ್ಟಿಕೊಂಡಿದ್ದ.

“ಹಂಗಂತ ನಮ್ಮ ತಪ್ಪಿಗೆ ಅವನ ಹೆಸರು ಹಾಕೋದಾ?” ಕ್ಲೀಟಸ್ ಮೆಲ್ಲಗೆ ಕೇಳಿದ.

“ಬೇಡ. ಎಸೆದಿದ್ದಕ್ಕೇ ಹಾಕು. ನಾವು ಕಿತ್ಕೊಂಡ ವರ್ಷಾನ ಅವನ ಲೆಕ್ಕದಲ್ಲಿ ಕಳೀಬೇಡ, ಅಷ್ಟೇ.”

ಒಂದೊಂದಾಗಿ ಕೈಗಳು ಎದ್ದವು.

ಮರುದಿನ ಸುದ್ದಿ ಹೇಳಲು ಎಮ್ಲಿನ್‌ನ ಹೆಂಡತಿ ಲೋರ್ನಾಳ ಮನೆಗೆ ಹೋದೆವು. ಅವಳು ಹಿಗ್ಗಲಿಲ್ಲ, ಬೇಸರವನ್ನೂ ಪಡಲಿಲ್ಲ.

“ಹಾಕಿ, ವೆಂಡೆಲ್. ಅವರಿಗೆ ನಿಮ್ಯಾರ ಮೇಲೂ ಸಿಟ್ಟಿರ್ಲಿಲ್ಲ. ಆ ಪದ್ಧತಿ ಅವರಿಗೂ ಗೊತ್ತಿತ್ತಲ್ಲ. ಆದ್ರೆ ಊಟಕ್ಕೆ ಕೂತಾಗ ಮನೇಲಿ ಎಲ್ರೂ ಸುಮ್ನಾದ್ರೆ ಎದ್ದು ಹೊರಗೆ ಹೋಗ್ಬಿಡೋರು. ಸಾಯೋವರ್ಗೂ ಹಂಗೇ.”

ಅವಳ ಅಡುಗೆಮನೆ ಸ್ತಬ್ಧವಾಯಿತು. ವೆಂಡೆಲ್ ಗಾಬರಿಬಿದ್ದವನಂತೆ ಬಾಯಿ ತೆರೆದ. ಮಳೆ, ಟೊಮೆಟೊ ಸಸಿ, ಸೋರುವ ನಮ್ಮ ಮಾಡು, ಬಾಯಿಗೆ ಬಂದದ್ದೆಲ್ಲ ಮಾತಾಡಿದ. ಮೇಜಿನ ಆಚೆ ಎಮ್ಲಿನ್ ಕೂರುತ್ತಿದ್ದ ಖಾಲಿ ಕುರ್ಚಿಯನ್ನು ನೋಡಿಕೊಂಡೇ ಮಾತಾಡಿದ. ಹೊರಡೋಣವೆಂದು ನಾನು ತೋಳು ಮುಟ್ಟಿದರೂ ನಿಲ್ಲಿಸಲಿಲ್ಲ.